ಐದಕ್ಕೆ ಐದು ಸೇರಿದರೆ ಐವತ್ತೈದು

ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಟಕ್ಕೆಂದು ಮೇಜಿನ ಮೇಲಿಟ್ಟು ಗಣಿತದ ಮೇಷ್ಟ್ರು ಘೋಷಣೆ ಹೊರಡಿಸಿದರು.

“ಇವತ್ತು ಮಧ್ಯಾಹ್ನದ ಊಟದೊಳಗೆ ಆ ತಪ್ಪನ್ನ ಜುಟ್ಟು ಹಿಡಿದು ಎಳೆದು ಹೊರಗೆ ಹಾಕ್ತೀನಿ. ಹಾಕ್ಲಿಲ್ಲ ಅಂದ್ರೆ ಮೀಸೆ ಬೋಳಿಸ್ಕೊಳ್ತೀನಿ!”

ಹೊಲಿಗೆ ಮೆಷಿನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

“ಅದಕ್ಕೆ ಮೊದಲು ಬೆಳೆಸ್ಬೇಕಲ್ಲ ರೀ” ಎಂದಳು.

ಮೇಷ್ಟ್ರು ಮೇಲ್ದುಟಿ ಸವರಿ ನೋಡಿಕೊಂಡರು. ಮದುವೆಯಾದಾಗಿನಿಂದ ಅಲ್ಲಿ ಏನೂ ಇರಲಿಲ್ಲ. ಆದರೂ ಶಪಥ ಅಂದರೆ ಶಪಥ. ಒಳಕೋಣೆಯಿಂದ ಅತ್ತೆಯ ಸಣ್ಣದೊಂದು ಕೆಮ್ಮು ಕೇಳಿಸಿತು. ಅದು ಕೆಮ್ಮೋ ನಗುವೋ ಎಂಬುದು ಇಷ್ಟು ವರ್ಷ ಅಳಿಯನಾಗಿದ್ದರೂ ಮೇಷ್ಟ್ರಿಗೆ ಇತ್ಯರ್ಥವಾಗಿರಲಿಲ್ಲ.

ಶಪಥ ಯಾಕೆ ಬೇಕಾಯಿತು ಅಂದರೆ, ಅದಕ್ಕೆ ಅತ್ತೆಯ ಬಲಗೈಯಿಂದ ಶುರು ಮಾಡಬೇಕು. ಕೆಲವು ತಿಂಗಳ ಹಿಂದೆ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಪಟ್ಟಿ ಕಟ್ಟಿದರು, ಪಟ್ಟಿ ಬಿಚ್ಚಿದರು, ಮೂಳೆಯೇನೋ ಕೂಡಿಕೊಂಡಿತು. ಬೆರಳುಗಳು ಮಾತ್ರ ಮುಷ್ಕರ ಹೂಡಿದವು. ಮಡಚು ಅಂದರೆ ಒಲ್ಲೆ, ಹಿಡಿ ಅಂದರೆ ಒಲ್ಲೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಆಯುಸ್ಸೆಲ್ಲ ಠಪ್ ಠಪ್ಪೆಂದು ಮುದ್ರೆ ಒತ್ತಿದ ಕೈ ಒಂದು ಚಮಚ ಹಿಡಿಯಲಾರದೆ ಹೋಯಿತು. ಮಗಳು ತುತ್ತು ಮಾಡಿ ಬಾಯಿಗಿಡಬೇಕು. ಅತ್ತೆ ಊಟವಾದ ಮೇಲೆ ಗೋಡೆಯ ಕಡೆ ತಿರುಗಿ ಕೂತುಬಿಡುತ್ತಿದ್ದರು.

ಕೈ ನೋಡುವ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. “ಹೆಬ್ಬೆರಳು, ತೋರುಬೆರಳು ಸೇರಿಸಿ ಚಿವುಟ್ಬೇಕಮ್ಮ. ದಿನಾ ಚಿವುಟ್ಬೇಕು. ಮುಂದಿನ ಸಲ ಬಂದಾಗ ಮುಷ್ಟಿ ಕಟ್ಟಿ ತೋರಿಸ್ಬೇಕು. ಇಲ್ಲಾಂದ್ರೆ ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ಲ.”

ಆಪರೇಷನ್ ಎಂಬ ಮಾತು ಕೇಳಿದರೇ ಅತ್ತೆಗೆ ಕೈಕಾಲು ತಣ್ಣಗಾಗುತ್ತಿತ್ತು. ಹಾಗಂತ ವ್ಯಾಯಾಮ ಮಾಡುತ್ತಿದ್ದರೇ? ಅದೂ ಇಲ್ಲ. ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಯ ಸಂದಿಗೆ ಸೇರಿತು. ಬಟ್ಟೆ ಕ್ಲಿಪ್ಪನ್ನಾದರೂ ಚಿವುಟಿ ಹಗ್ಗಕ್ಕೆ ಹಾಕಮ್ಮ ಎಂದು ಮಗಳು ಗೋಗರೆದರೆ, “ಬಟ್ಟೆ ಇಲ್ಲದ ಹಗ್ಗಕ್ಕೆ ಕ್ಲಿಪ್ ಹಾಕ್ತಾ ಕೂರೋಕೆ ನಂಗೇನು ತಲೆ ಕೆಟ್ಟಿದ್ಯಾ?” ಎಂಬ ಉತ್ತರ ಬರುತ್ತಿತ್ತು.

ಆಗ ಮೇಷ್ಟ್ರ ತಲೆಯಲ್ಲಿ ಮಿಂಚು ಹೊಳೆಯಿತು. ರಜೆಯಲ್ಲಿ ವೀಡಿಯೊ ನೋಡಿ ನೋಡಿ ಕಂಪ್ಯೂಟರ್ ಆಟ ಬರೆಯುವುದನ್ನು ಅವರು ಕಲಿತಿದ್ದರು. ಅತ್ತೆಗಾಗಿಯೇ ಒಂದು ಆಟ ಬರೆದರು. ಟ್ಯಾಬಿನ ಪರದೆಯ ಮೇಲೆ ಬಣ್ಣಬಣ್ಣದ ಬಲೂನುಗಳು ಕೆಳಗಿನಿಂದ ತೇಲಿ ಬರುತ್ತವೆ. ಎರಡು ಬೆರಳಲ್ಲಿ ಚಿವುಟಿದರೆ ಟಪ್ಪೆಂದು ಒಡೆಯುತ್ತವೆ. ಒಂದೊಂದಕ್ಕೂ ಐದು ಅಂಕ. ಆಗಾಗ “ಶಭಾಷ್ ಅಮ್ಮಾ!” ಎಂದು ಹೊಗಳಿಕೆ. ಹೊಗಳಿಕೆ ಆಪ್ತವಾಗಿರಲಿ ಎಂದು ಹೆಂಡತಿಯ ದನಿಯಲ್ಲೇ ರೆಕಾರ್ಡ್ ಮಾಡಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯಿಗೆ ಶಭಾಷ್ ಅನ್ನಲು ಬರುತ್ತದೆ ಎಂದು ಅವರಿಗೆ ಗೊತ್ತಾದದ್ದು ಅವತ್ತೇ.

ಆಟ ಗೆದ್ದಿತು. ಅತ್ತೆ ಚಿವುಟಿದರು, ಚಿವುಟಿದರು, ಊಟಕ್ಕೆ ಕರೆದರೂ ಏಳದೆ ಚಿವುಟಿದರು. ವಾರ ಕಳೆಯುವುದರೊಳಗೆ ಚಮಚ ಹಿಡಿದು ಅರ್ಧ ಬಟ್ಟಲು ತಾವೇ ಉಂಡರು. ಅವತ್ತು ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತೆ ಬಾಗಿಲು ಹಾಕಿಕೊಂಡು ತಂಗಿಗೆ ಫೋನು ಹಚ್ಚಿ ಪಿಸುಪಿಸು ಮಾತಾಡಿ ಕಿಸಕ್ಕೆಂದು ನಗುವುದೂ ಶುರುವಾಯಿತು. ಅಂಕದ ವಿಷಯ ಹೇಳಿಕೊಂಡು ಬೀಗುತ್ತಿದ್ದಾರೆ ಎಂದು ಮೇಷ್ಟ್ರು ತಾವೂ ಬೀಗಿದರು. ಒಮ್ಮೊಮ್ಮೆ ಒಳಗಿನಿಂದ ಕೂಗು ಬರುತ್ತಿತ್ತು.

“ಅಳಿಯಂದ್ರೇ, ಈ ಸಂಖ್ಯೆನ ಏನಂತ ಓದ್ಬೇಕು?”

“ಎಡಗಡೆಯಿಂದ ಓದ್ಕೊಂಡು ಬನ್ನಿ ಅತ್ತೆ” ಎಂದು ಉತ್ತರಪತ್ರಿಕೆಗಳ ರಾಶಿಯೊಳಗಿನಿಂದಲೇ ಮೇಷ್ಟ್ರು ಹೇಳುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ ಎದ್ದು ಹೋಗಿ ಆ ಸಂಖ್ಯೆಯ ಮುಖ ನೋಡಿದ್ದರೆ ಈ ಕಥೆ ಇಷ್ಟು ದೂರ ಬರುತ್ತಿರಲಿಲ್ಲ.

ನೋಡಿದವರು ವಿಜ್ಞಾನದ ಮೇಷ್ಟ್ರು. ಅದೇ ಶಾಲೆ, ಅದೇ ಸ್ಟಾಫ್ ರೂಮು, ಪಕ್ಕದ ಕುರ್ಚಿ. ಹೊಲಿಯಲು ಕೊಟ್ಟಿದ್ದ ಪ್ಯಾಂಟು ಒಯ್ಯಲು ಶನಿವಾರ ಸಂಜೆ ಬಂದವರು ಸುಮ್ಮನೆ ಅತ್ತೆಯ ಹೆಗಲ ಮೇಲಿಂದ ಇಣುಕಿದರು. ಒಂದು ಬಲೂನು ಒಡೆಯಿತು, 5. ಇನ್ನೊಂದು ಒಡೆಯಿತು, 55. ಮತ್ತೊಂದು ಒಡೆಯಿತು, 555.

“ಏನ್ರೀ ಇದು? ಗಣಿತದ ಮೇಷ್ಟ್ರ ಮನೇಲಿ ಐದಕ್ಕೆ ಐದು ಸೇರಿದ್ರೆ ಐವತ್ತೈದಾ?”

ಮೇಷ್ಟ್ರು ಓಡಿಬಂದರು. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಐದುಗಳು ಸಾಲುಗಟ್ಟಿ ನಿಂತು ಅವರನ್ನೇ ನೋಡುತ್ತಿದ್ದವು. ಮೇಷ್ಟ್ರ ಮುಖ ಸುಣ್ಣವಾಯಿತು.

“ಸೋಮವಾರ ಇದನ್ನ ಸ್ಟಾಫ್ ರೂಮಲ್ಲಿ ಹೇಳ್ದೆ ಇದ್ರೆ ನಂಗೆ ತಿಂದಿದ್ದು ಜೀರ್ಣ ಆಗಲ್ಲ” ಎಂದು ಹೇಳಿ ವಿಜ್ಞಾನದ ಮೇಷ್ಟ್ರು ಹೊರಟರು. ಪ್ಯಾಂಟು ಮರೆತು ಹೋದರು. ವಿಷಯ ಮರೆಯಲಿಲ್ಲ.

ಬೇರೆ ಯಾರಿಗಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನಮ್ಮ ಮೇಷ್ಟ್ರಿಗೆ ತಪ್ಪು ಹಿಡಿಯುವುದೆಂದರೆ ಉಸಿರಾಟ. ಜೇಬಿನಲ್ಲಿ ಸದಾ ಕೆಂಪು ಪೆನ್ನು. ಬಸ್ಸಿನ ವೇಳಾಪಟ್ಟಿ, ಪತ್ರಿಕೆಯ ಅಂಕಿಅಂಶ, ಹೆಂಡತಿಯ ಅಳತೆ ಟೇಪು, ಯಾವುದನ್ನೂ ಅವರು ಸುಮ್ಮನೆ ಬಿಟ್ಟವರಲ್ಲ. ಕೌಂಟರಿನ ಕಾಲದಿಂದಲೂ ಕಣ್ಣಲ್ಲೇ ಕೂಡಿಸಿ ಬಿಸಾಕುವ ಅತ್ತೆ ಮನೆಯ ಯಾವುದೋ ಲೆಕ್ಕವನ್ನು ಬಾಯಲ್ಲೇ ಹೇಳಿದರೂ, ಮೇಷ್ಟ್ರು ಅದನ್ನು ಕಾಗದದ ಮೇಲೆ ಇನ್ನೊಮ್ಮೆ ಕೂಡಿಸಿ, “ಸರಿಯಾಗಿದೆ ಅತ್ತೆ” ಎಂದು ಟಿಕ್ ಹಾಕುತ್ತಿದ್ದರು. ಆಗ ಅತ್ತೆ ಕೆಮ್ಮುತ್ತಿದ್ದರು.

ಹಾಗಾಗಿ ಭಾನುವಾರ ಶಪಥ ಮಾಡಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಅಂಗಿಯ ತೋಳು ಮಡಚಿ ಕೂತರು. ಕಾಫಿಯ ರುಚಿ ನಾಲಿಗೆಯಿಂದ ಹೋಗುವ ಮೊದಲೇ ಕಳ್ಳ ಸಿಕ್ಕಿಬಿದ್ದ.

“ಬನ್ನಿ ಅತ್ತೆ, ತೋರಿಸ್ತೀನಿ” ಎಂದು ಮೇಷ್ಟ್ರು ಪಾಠಕ್ಕೆ ನಿಂತರು. “ಆಟ ಬರೆದಿರೋ ಸ್ಕ್ರಿಪ್ಟಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಡಬ್ಬ ಅಂತ ಇಟ್ಕೊಳ್ಳಿ. ಡಬ್ಬ ಇಡೋವಾಗ್ಲೇ ಹೇಳಿಬಿಡ್ಬೇಕು, ಇದರಲ್ಲಿ ಅಂಕಿ ಇರುತ್ತೆ, ಇದರಲ್ಲಿ ಅಕ್ಷರ ಇರುತ್ತೆ ಅಂತ. ಅಂಕಿ ಅಂದ್ರೆ ಕಂಪ್ಯೂಟರ್ ಕೂಡಿಸುತ್ತೆ. ಅಕ್ಷರ ಅಂದ್ರೆ ಕೂಡಿಸಲ್ಲ, ಒಂದರ ಪಕ್ಕ ಒಂದು ಜೋಡಿಸಿ ಇಡುತ್ತೆ. ನಿಮ್ಮ ಅಂಕದ ಡಬ್ಬಕ್ಕೆ ಅಕ್ಷರ ಅಂತ ಹೇಳಿಬಿಟ್ಟಿದೆ. ಅದಕ್ಕೇ ಐದರ ಪಕ್ಕ ಐದು.”

“ಹಾಗಂತ ಹೇಳಿದ್ಯಾರು?” ಎಂದಳು ಹೆಂಡತಿ.

“ಹೇಳಿಬಿಟ್ಟಿದೆ” ಎಂದರು ಮೇಷ್ಟ್ರು. ತಪ್ಪು ತಮ್ಮದಾದಾಗ ಅವರ ಮಾತಿನಲ್ಲಿ ‘ನಾನು’ ಬರುತ್ತಿರಲಿಲ್ಲ.

“ನಮ್ಮನೇಲಿ ಡಬ್ಬದ ಮೇಲೆ ಬರೆದಿರೋದನ್ನ ನಂಬಿದೋರು ಯಾರಿದ್ದಾರೆ? ಬಿಸ್ಕತ್ ಡಬ್ಬದಲ್ಲಿ ಗುಂಡಿ. ಸಕ್ಕರೆ ಡಬ್ಬದಲ್ಲಿ ಉಪ್ಪು. ಉಪ್ಪಿನ ಡಬ್ಬದಲ್ಲಿ ನಿಮ್ಮ ಹಳೇ ಕನ್ನಡಕ. ಆದ್ರೂ ಸಂಸಾರ ನಡೀತಿಲ್ವಾ?”

“ಕಂಪ್ಯೂಟರ್ ಸಂಸಾರ ಮಾಡಲ್ಲ ಕಣೇ.”

“ಪುಣ್ಯ ಮಾಡಿದೆ.”

ಅತ್ತೆ ಮಾತ್ರ ಗಂಭೀರವಾಗಿ ಕೇಳಿಸಿಕೊಂಡು ಹೇಳಿದರು. “ಅದು ಹಾಗೇ ಇರ್ಲಿ ಬಿಡಿ ಅಳಿಯಂದ್ರೇ. ನಂಗೇನೂ ತೊಂದ್ರೆ ಇಲ್ಲ.”

“ಛೆ, ಛೆ. ತಪ್ಪು ಅಂದ್ರೆ ತಪ್ಪು. ಒಂದೇ ಪದ ಬದಲಾಯಿಸಿದ್ರೆ ಮುಗೀತು. ಒಂದು ನಿಮಿಷ.”

ಹೊಲಿದ ಬಟ್ಟೆಗಳ ಗಂಟು ಎತ್ತಿಕೊಂಡು ಹೆಂಡತಿ ಬಾಗಿಲಿಗೆ ಬಂದಳು. “ಬಟ್ಟೆ ಕೊಟ್ಟು ಬರ್ತೀನಿ. ಒಲೆ ಮೇಲೆ ಹಾಲಿದೆ. ಉಕ್ಕೋಕೆ ಮುಂಚೆ ಆರಿಸಿ. ಕೇಳಿಸ್ತಾ?”

“ಕೇಳಿಸ್ತು, ಕೇಳಿಸ್ತು.”

ಮೇಷ್ಟ್ರು ‘ಅಕ್ಷರ’ವನ್ನು ಅಳಿಸಿ ‘ಅಂಕಿ’ ಎಂದು ಬರೆದರು. ಆಟ ಓಡಿಸಿ ನೋಡಿದರು. ಪರದೆ ಮೇಲಿಂದ ಕೆಳಗಿನವರೆಗೆ ತಪ್ಪು ತೋರಿಸುವ ಸಾಲುಗಳಿಂದ ಕೆಂಪಾಯಿತು. ಬದುಕಿಡೀ ಬೇರೆಯವರ ಕಾಗದದ ಮೇಲೆ ಕೆಂಪು ಗೀಚಿದ ಮನುಷ್ಯ, ತಮ್ಮ ಕಾಗದದ ಮೇಲೆ ಅಷ್ಟು ಕೆಂಪನ್ನು ನೋಡಿದ್ದು ಅದೇ ಮೊದಲು.

ಸಂಗತಿ ಏನೆಂದರೆ, ಮೊದಲು ಆಟ ಬರೆಯುವಾಗ ಕಂಪ್ಯೂಟರು ಪ್ರತಿ ಡಬ್ಬಕ್ಕೂ ‘ಇದರಲ್ಲೇನು, ಇದರಲ್ಲೇನು’ ಎಂದು ಪೀಡಿಸಿತ್ತು. ಸಾಕಪ್ಪ ನಿನ್ನ ಸಹವಾಸ ಎಂದು ಮೇಷ್ಟ್ರು ಸಿಕ್ಕಸಿಕ್ಕ ಡಬ್ಬಕ್ಕೆಲ್ಲ ‘ಅಕ್ಷರ’ ಎಂದು ಬರೆದು ಅದರ ಬಾಯಿ ಮುಚ್ಚಿಸಿದ್ದರು. ಬಲೂನಿನ ಬಣ್ಣವೂ ಅಕ್ಷರ, ಅದರ ಬೆಲೆಯೂ ಅಕ್ಷರ, ಒಟ್ಟು ಅಂಕವೂ ಅಕ್ಷರ. ಎಲ್ಲರೂ ಒಂದೇ ಜಾತಿಯೆಂದು ಇಷ್ಟು ದಿನ ಸುಖವಾಗಿದ್ದರು. ಈಗ ಒಟ್ಟು ಅಂಕ ಮಾತ್ರ ಅಂಕಿಯಾಗಿ ಹೋದ ಮೇಲೆ, ಬಲೂನಿನ ಬೆಲೆ ಅದರ ಜೊತೆ ಸೇರಲು ಒಲ್ಲೆ ಎಂದಿತು. ಸರಿ, ಬೆಲೆಯನ್ನೂ ಅಂಕಿ ಮಾಡಿದರು. ಅಂಕವನ್ನು ಪರದೆಯ ಮೇಲೆ ಬರೆಯುವ ಸಾಲು ತಕರಾರು ತೆಗೆಯಿತು. ಅದನ್ನು ತಿದ್ದಿದರು. ಅದರ ಕೆಳಗಿನದು ಬಾಯಿ ಬಿಟ್ಟಿತು. ರೇಗಿ ಹೋಗಿ, “ಎಲ್ಲಾ ಅಂಕಿ! ಎಲ್ಲಾ ಅಂಕಿ!” ಎಂದು ಇದ್ದಬದ್ದ ಡಬ್ಬಗಳನ್ನೆಲ್ಲ ಅಂಕಿ ಮಾಡಿಬಿಟ್ಟರು. ‘ಕೆಂಪು’ ಅನ್ನುವ ಬಣ್ಣ ಯಾವ ಅಂಕಿ ಎಂದು ಕಂಪ್ಯೂಟರು ಕೇಳಿತು.

ಮುಂದೆ ನಡೆದದ್ದನ್ನು ಹೇಳಲು ಸಂಕಟವಾಗುತ್ತದೆ. ಮೊದಲು ಬಲೂನುಗಳು ಮಾಯವಾದವು. ಏನೋ ತಿದ್ದಿದಾಗ ಮರಳಿ ಬಂದವು, ಆದರೆ ಮೇಲಿನಿಂದ ಕೆಳಗೆ ಕಲ್ಲಿನಂತೆ ಬಿದ್ದವು. ಮತ್ತೇನೋ ತಿದ್ದಿದಾಗ ನಿಂತಲ್ಲೇ ನಿಂತವು. ಕೊನೆಗೆ ಬಲೂನು ಚಿವುಟದೆಯೇ ಹೊಗಳಿಕೆ ಶುರುವಾಯಿತು. “ಶಭಾಷ್ ಅಮ್ಮಾ! ಶಭಾಷ್ ಅಮ್ಮಾ! ಶಭಾಷ್ ಅಮ್ಮಾ!” ಮೇಷ್ಟ್ರು ದನಿ ತಗ್ಗಿಸಲು ಹೋಗಿ ಗಾಬರಿಯಲ್ಲಿ ಏರಿಸಿದರು.

ಬಾಗಿಲು ದಢಾರನೆ ತೆರೆಯಿತು.

“ಬೀದಿ ತುದಿಗೆ ಕೇಳ್ತಿದೆ ನನ್ನ ದನಿ” ಎಂದಳು ಹೆಂಡತಿ. “ನಾನು ಬೀದೀಲಿ ನಡ್ಕೊಂಡು ಬರ್ತಿದ್ದೀನಿ, ನನ್ನ ದನಿ ಮನೆಯೊಳಗಿಂದ ಕಿರುಚ್ತಿದೆ. ಎದುರುಮನೆಯವರು ನನ್ನ ಮುಖ ನೋಡ್ತಾರೆ, ಮನೆ ನೋಡ್ತಾರೆ. ಅದೇನು ವಾಸನೆ? ಹಾಲು?”

“ಯಾವ ಹಾಲು?” ಎಂದರು ಮೇಷ್ಟ್ರು.

ಹಾಲು ಉಕ್ಕಿ, ಒಲೆ ಮುಳುಗಿಸಿ, ಕಟ್ಟೆ ಇಳಿದು, ಪಾತ್ರೆಯ ತಳದಲ್ಲಿ ಮಿಕ್ಕಿದ್ದು ಕರ್ರಗೆ ಸೀದು ಕೂತಿತ್ತು. ಹೆಂಡತಿ ಪಾತ್ರೆಯನ್ನು ತಂದು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಳು. “ಇದು ಅಂಕಿನಾ, ಅಕ್ಷರಾನಾ?” ಎಂದು ಕೇಳಿದಳು. “ಶಭಾಷ್ ಅಮ್ಮಾ!” ಎಂದಿತು ಟ್ಯಾಬು.

ಮಧ್ಯಾಹ್ನದ ಊಟದ ಹೊತ್ತು ಬಂತು, ಹೋಯಿತು. ಇಲ್ಲದ ಮೀಸೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಸಂಜೆ ದೀಪ ಹಾಕುವ ವೇಳೆಗೆ ಮೇಷ್ಟ್ರ ಕೂದಲು ನಿಮಿರಿ ನಿಂತಿತ್ತು, ಕಣ್ಣು ಕೆಂಪಾಗಿತ್ತು, ಆದರೆ ಪರದೆಯ ಕೆಂಪು ಹೋಗಿತ್ತು. ಒಂದು ಬಲೂನು ಚಿವುಟಿದರು, 5. ಇನ್ನೊಂದು, 10. ಇನ್ನೊಂದು, 15. ಅದರ ಫೋಟೊ ತೆಗೆದು ವಿಜ್ಞಾನದ ಮೇಷ್ಟ್ರಿಗೆ ಕಳಿಸಿದರು. ಎದೆ ಉಬ್ಬಿಸಿಕೊಂಡು ಟ್ಯಾಬನ್ನು ಅತ್ತೆಯ ತೊಡೆಯ ಮೇಲಿಟ್ಟರು.

“ಇನ್ಮೇಲೆ ಲೆಕ್ಕ ಅಂದ್ರೆ ಲೆಕ್ಕ ಅತ್ತೆ. ಆಡಿ.”

ಅತ್ತೆ ಚಿವುಟಿದರು. ಬಲೂನು ಒಡೆಯಿತು. ಅಂಕ ನೋಡಿದರು. ಮತ್ತೆ ಚಿವುಟಿದರು, ಮತ್ತೆ ನೋಡಿದರು. ಅರವತ್ತಕ್ಕೆ ಬಂದಾಗ ಕೈ ನಿಂತಿತು.

“ಇಷ್ಟೇನಾ?”

“ಇದೇ ನಿಜವಾದ ಅಂಕ ಅತ್ತೆ. ಮೊದಲಿನದೆಲ್ಲ ಸುಳ್ಳು.”

ಅತ್ತೆ ಟ್ಯಾಬನ್ನು ಬೋರಲು ಹಾಕಿದರು. “ಕೈ ನೋಯ್ತಿದೆ” ಎಂದು ಗೋಡೆಯ ಕಡೆ ತಿರುಗಿದರು.

ಸೋಮವಾರ ಅತ್ತೆ ಟ್ಯಾಬು ಮುಟ್ಟಲಿಲ್ಲ. ತಂಗಿಗೆ ಫೋನಿಲ್ಲ, ಪಿಸುಪಿಸು ಇಲ್ಲ, ಕೆಮ್ಮು ಸಹ ಇಲ್ಲ. ಮಂಗಳವಾರ ಬೆಳಿಗ್ಗೆ ತಿಂಡಿ ತಿನ್ನುವಾಗ ಚಮಚ ಅವರ ಕೈ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಟ್ಟರೆ ಮತ್ತೆ ಬಿತ್ತು. ಹೆಂಡತಿ ಅಮ್ಮನ ಪಕ್ಕ ಕೂತು ತುತ್ತು ಕೊಟ್ಟಳು. ಬಟ್ಟಲು ಖಾಲಿಯಾದ ಮೇಲೆ ಗಂಡನನ್ನು ಅಡುಗೆಮನೆಗೆ ಕರೆದಳು.

“ನಿಮಗೆ ಲೆಕ್ಕ ಸರಿಯಾಗ್ಬೇಕಿತ್ತಾ, ಅಮ್ಮನ ಕೈ ಸರಿಯಾಗ್ಬೇಕಿತ್ತಾ?”

ಅವಳು ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಅವಳು ಮೆಲ್ಲಗೆ ಕೇಳಿದಳು. ಡಾಕ್ಟರ ಭೇಟಿ ಬರುವ ಶನಿವಾರ. ಮುಷ್ಟಿ ಕಟ್ಟಲಾಗದ ಅತ್ತೆಯನ್ನು ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋಗುವುದು ಮೇಷ್ಟ್ರ ಕಣ್ಣ ಮುಂದೆ ಬಂತು.

“ಇವತ್ತೇ ಮೊದಲಿನ ಹಾಗೆ ಮಾಡ್ತೀನಿ. ತಪ್ಪು ಮಾಡೋಕೇನು ಕಷ್ಟ?”

ಕಷ್ಟವೇ ಇತ್ತು. ‘ಅಂಕಿ’ ಅಳಿಸಿ ‘ಅಕ್ಷರ’ ಎಂದು ಬರೆದರು. ಪರದೆ ಕೆಂಪಾಯಿತು. ಉಳಿದ ಡಬ್ಬಗಳೆಲ್ಲ ಅಂಕಿಯಾಗಿ ಸುಖವಾಗಿದ್ದವು, ಈಗ ಅವು ಅಕ್ಷರದ ಜೊತೆ ಸೇರಲು ಒಲ್ಲೆ ಎಂದವು. ಯಾವುದನ್ನು ಎಲ್ಲಿ ಹೇಗೆ ತಿದ್ದಿದ್ದೆ ಎಂಬುದು ಮೇಷ್ಟ್ರಿಗೆ ಒಂದೂ ನೆನಪಿರಲಿಲ್ಲ.

“ಹಳೇದನ್ನ ಒಂದು ಪ್ರತಿ ಎತ್ತಿಟ್ಕೊಂಡಿಲ್ವಾ?” ಎಂದಳು ಹೆಂಡತಿ.

“ತಪ್ಪನ್ನ ಯಾರಾದ್ರೂ ಎತ್ತಿಟ್ಕೊಳ್ತಾರೇನೇ?”

“ಹೊಸ ರವಿಕೆ ಹಾಕ್ಕೊಂಡು ನೋಡೋ ತನಕ ಅಳತೆಗೆ ಕೊಟ್ಟ ಹಳೇ ರವಿಕೆಗೆ ನಾನು ಕತ್ತರಿ ತಾಗಿಸಲ್ಲ. ನೀವು ಅಳತೆ ರವಿಕೆನೇ ಬಿಚ್ಚಿ ಹಾಕಿದ್ದೀರಿ.”

ಮೇಷ್ಟ್ರು ಮಾನ ಬಿಟ್ಟು ವಿಜ್ಞಾನದ ಮೇಷ್ಟ್ರಿಗೆ ಫೋನು ಮಾಡಿದರು. ಸ್ಟಾಫ್ ರೂಮಿನಲ್ಲಿ ಅಷ್ಟರಲ್ಲಾಗಲೇ ಅವರಿಗೆ ‘ಐವತ್ತೈದು’ ಎಂಬ ನಾಮಕರಣವಾಗಿತ್ತು.

“ಹೇಳಿ ಐವತ್ತೈದು” ಎಂದಿತು ಫೋನು.

“ಒಂದು ತಪ್ಪು ಮಾಡ್ಬೇಕಿತ್ತು. ಆಗ್ತಿಲ್ಲ.”

ಆ ಕಡೆ ಬಹಳ ಹೊತ್ತು ಬರೀ ನಗು. ಆಮೇಲೆ ಸಲಹೆ ಬಂತು. “ಒಂದೊಂದು ಬಲೂನಿಗೆ ಐದು ಲಕ್ಷ ಕೊಡಿ ಮಾರಾಯ್ರೆ. ಮುದುಕಿಗೆ ದೊಡ್ಡ ಸಂಖ್ಯೆ ಬೇಕು ತಾನೇ? ಲೆಕ್ಕಾನೂ ಸರಿ ಇರುತ್ತೆ.”

ಮೇಷ್ಟ್ರಿಗೆ ಹೋದ ಜೀವ ಬಂತು. ಇದು ತಮಗೇ ಯಾಕೆ ಹೊಳೆಯಲಿಲ್ಲ! ಬುಧವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಟ್ಯಾಬನ್ನು ಅತ್ತೆಯ ಮುಂದಿಟ್ಟು ಕೈ ಕಟ್ಟಿ ನಿಂತರು. ಅತ್ತೆ ಒಲ್ಲದ ಮನಸ್ಸಿನಿಂದ ಒಂದು ಬಲೂನು ಚಿವುಟಿದರು. ಐದು ಲಕ್ಷ. ಇನ್ನೊಂದು ಚಿವುಟಿದರು. ಹತ್ತು ಲಕ್ಷ. ಅತ್ತೆ ನಿಟ್ಟುಸಿರು ಬಿಟ್ಟು ಟ್ಯಾಬನ್ನು ಬೋರಲು ಹಾಕಿದರು.

“ಯಾಕತ್ತೆ? ಹತ್ತು ಲಕ್ಷ ಬಂತಲ್ಲ.”

“ಲೆಕ್ಕ ಸರಿಯಾಗಿದೆ” ಎಂದರು ಅತ್ತೆ ದುಃಖದಿಂದ.

“ಸರಿಯಾಗಿದ್ರೆ ಬೇಜಾರಾ?”

ಅತ್ತೆ ಮಗಳ ಮುಖ ನೋಡಿದರು. ಮಗಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಅತ್ತೆ ಒಂದು ಸಲ ಕೆಮ್ಮಿದರು.

“ಇನ್ನು ಮುಚ್ಚುಮರೆ ಯಾಕೆ ಅಳಿಯಂದ್ರೇ, ಹೇಳಿಬಿಡ್ತೀನಿ. ಕೌಂಟರಲ್ಲಿ ಕೂತು ಬಂದವಳು ನಾನು. ಐದಕ್ಕೆ ಐದು ಸೇರಿದ್ರೆ ಹತ್ತು ಅಂತ ನಂಗೆ ಗೊತ್ತಿಲ್ವಾ? ಎರಡನೇ ಬಲೂನಿಗೇ ಗೊತ್ತಾಯ್ತು. ಈ ಮನೇಲಿ ಎಲ್ಲರ ಲೆಕ್ಕಕ್ಕೂ ಟಿಕ್ ಹಾಕೋರು ನೀವು. ನಾನು ಕೂಡಿಸಿದ್ದಕ್ಕೂ ಟಿಕ್ ಹಾಕೋರು. ಅಂಥಾ ನಿಮ್ಮ ಲೆಕ್ಕ ತಪ್ಪಿದ್ದನ್ನ ಕಣ್ಣಾರೆ ನೋಡೋ ಭಾಗ್ಯ ಈ ವಯಸ್ಸಲ್ಲಿ ಸಿಕ್ತಲ್ಲ ಅಂತ ಸಂತೋಷ ಆಗಿತ್ತು. ಒಂದು ಬಲೂನು ಒಡೆದ್ರೆ ಒಂದು ಐದು ಹೆಚ್ಚು. ನಮ್ಮ ಅಳಿಯಂದ್ರ ತಪ್ಪು ಎಲ್ಲೀತನಕ ಬೆಳೆಯುತ್ತೋ ನೋಡೇಬಿಡೋಣ ಅಂತ ಚಿವುಟ್ತಾ ಕೂತಿದ್ದೆ. ನೋವೇ ತಿಳೀತಿರಲಿಲ್ಲ.”

ಮೇಷ್ಟ್ರು ಕುರ್ಚಿ ಹುಡುಕಿ ಕೂತರು. “ಮತ್ತೆ ಚಿಕ್ಕತ್ತೆಗೆ ಫೋನಲ್ಲಿ ಹೇಳ್ತಿದ್ದಿದ್ದು?”

“ಅವಳು ದಿನಾ ಕೇಳ್ತಿದ್ಲು, ಇವತ್ತು ನಿನ್ನ ಅಳಿಯ ಎಲ್ಲಿಗೆ ಮುಟ್ಟಿಸಿದ ಅಂತ.”

“ಮತ್ತೆ ‘ಏನಂತ ಓದ್ಬೇಕು’ ಅಂತ ನನ್ನ ಕೇಳ್ತಿದ್ದಿರಲ್ಲ?”

“ಅದನ್ನ ತಂಗಿಗೂ ಫೋನಲ್ಲಿ ಕೇಳಿಸ್ತಿದ್ದೆ. ನೀವು ಎಡಗಡೆಯಿಂದ ಓದಿ ಅನ್ನೋದು, ಅವಳು ಆ ಕಡೆ ಬಿದ್ದು ಬಿದ್ದು ನಗೋದು.” ಅತ್ತೆಯ ಮುಖ ಆ ನೆನಪಿಗೇ ಅರಳಿತು, ಮರುಕ್ಷಣ ಬಾಡಿತು. “ಈಗ ಎಲ್ಲಾ ಸರಿ ಮಾಡಿಬಿಟ್ರಿ.”

ಹೆಂಡತಿ ಹೊಲಿಯುತ್ತಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಮಾತ್ರ ಕುಣಿಯುತ್ತಿತ್ತು. ಮೇಷ್ಟ್ರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ ಬಂತು, ಆಮೇಲೆ ನೆಲದ ಮೇಲೆ ಚಮಚ ಬಿದ್ದ ಸದ್ದು ನೆನಪಿಗೆ ಬಂತು.

“ಆಯ್ತು ಅತ್ತೆ. ಇನ್ನೊಂದು ತಪ್ಪು ಮಾಡಿ ಕೊಡ್ತೀನಿ.”

“ಬೇಕೂಂತ ಮಾಡಿದ ತಪ್ಪು ನಂಗೆ ಬೇಡಪ್ಪ. ಅದರಲ್ಲೇನು ಮಜಾ?”

“ಮತ್ತೆ ನಾನೇನು ಮಾಡ್ಲಿ?” ಮೇಷ್ಟ್ರು ಅಳುವುದೊಂದು ಬಾಕಿ.

ಹೆಂಡತಿ ಬಾಯಿಂದ ಬಟ್ಟೆ ತೆಗೆದು ಕಣ್ಣೊರೆಸಿಕೊಂಡಳು. “ನೀವು ತಪ್ಪು ಮಾಡೋ ಯೋಚನೆನೇ ಮಾಡ್ಬೇಡಿ ರೀ. ಆ ಆಟನ ಇನ್ನೂ ಚೆನ್ನಾಗಿ ಮಾಡ್ತೀನಿ ಅಂತ ಕೂತ್ಕೊಳ್ಳಿ. ಮಿಕ್ಕಿದ್ದು ತಾನಾಗೇ ಆಗುತ್ತೆ.”

ಆಯಿತು. ಕೆಂಪು ಬಲೂನಿಗೆ ಹೆಚ್ಚು ಅಂಕ ಕೊಡೋಣ ಎಂದು ಮೇಷ್ಟ್ರು ಶ್ರದ್ಧೆಯಿಂದ ಕೂತು ಬರೆದರು. ಗುರುವಾರ ಅತ್ತೆ ಬಲೂನು ಚಿವುಟಿದರೆ ಅಂಕ ಕೂಡುವ ಬದಲು ಕಳೆಯತೊಡಗಿತು, ಸೊನ್ನೆ ದಾಟಿ ಪಾತಾಳಕ್ಕಿಳಿಯಿತು. “ಅಳಿಯಂದ್ರೇ, ನಾನು ನಿಮಗೇ ವಾಪಸ್ ಕೊಡ್ಬೇಕಾ?” ಎಂದು ಅತ್ತೆ ಕೂಗಿದರು, ಚಿವುಟುವುದು ನಿಲ್ಲಿಸಲಿಲ್ಲ. ಫೋನು ಮತ್ತೆ ಶುರುವಾಯಿತು. ಮೇಷ್ಟ್ರು ಅವಮಾನದಿಂದ ಕುದಿಯುತ್ತ ಅದನ್ನು ನಿಜಕ್ಕೂ ತಿದ್ದಲು ಕೂತರು. ಈಗ ಅಂಕವಿರಬೇಕಾದ ಜಾಗದಲ್ಲಿ ‘ಕೆಂಪುಕೆಂಪುನೀಲಿಕೆಂಪು’ ಎಂದು ಬಣ್ಣಗಳೇ ಸಾಲುಗಟ್ಟಿದವು. ಅತ್ತೆ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು ಚಿವುಟಿದರು. ಗುರುವಾರ ರಾತ್ರಿಯ ಊಟಕ್ಕೆ ಚಮಚ ಬೀಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಶಾಲೆಯಿಂದ ಬಂದು ಲ್ಯಾಪ್‌ಟಾಪ್ ತೆರೆದ ಮೇಷ್ಟ್ರ ಕಣ್ಣಿಗೆ ತಪ್ಪು ತಟ್ಟನೆ ಬಿತ್ತು. ಒಂದು ಡಬ್ಬದ ಜಾಗದಲ್ಲಿ ಇನ್ನೊಂದು ಡಬ್ಬದ ಹೆಸರು ಬರೆದಿದ್ದರು, ಅಷ್ಟೇ. ಬೆರಳು ಅಳಿಸುವ ಗುಂಡಿಯ ಮೇಲೆ ಹೋಯಿತು. ಒಳಕೋಣೆಯಲ್ಲಿ ಅತ್ತೆ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಮೇಷ್ಟ್ರಿಗೆ ಈಗ ಚೆನ್ನಾಗಿ ಗೊತ್ತಿತ್ತು. ಕಣ್ಣೆದುರಿಗಿದ್ದ ತಪ್ಪನ್ನು ಕಂಡೂ ಕಾಣದವರಂತೆ ಲ್ಯಾಪ್‌ಟಾಪ್ ಮುಚ್ಚಿದರು. ಮನಸ್ಸಿಗೆ ಹಿತವಾಗಿತ್ತು, ಅದೇಕೆಂದು ಅವರಿಗೂ ಆಶ್ಚರ್ಯವಾಯಿತು.

ಶನಿವಾರ ಡಾಕ್ಟರ ಮುಂದೆ ಮೂವರೂ ಕೂತರು. ಹೆಂಡತಿ ಸೆರಗಿನ ತುದಿಯನ್ನು ತಿರುಚುತ್ತಿದ್ದಳು. ಮೇಷ್ಟ್ರು ಉಸಿರು ಬಿಗಿಹಿಡಿದಿದ್ದರು.

“ಎಲ್ಲಿ, ಮುಷ್ಟಿ ಕಟ್ಟಿ ನೋಡೋಣ” ಎಂದರು ಡಾಕ್ಟರು.

ಅತ್ತೆ ಬಲಗೈ ಮುಂದೆ ಚಾಚಿದರು. ಬೆರಳುಗಳು ಒಂದೊಂದಾಗಿ ಬಾಗಿದವು, ಕಿರುಬೆರಳು ಸ್ವಲ್ಪ ಹಟ ಮಾಡಿತು, ಆಮೇಲೆ ಅದೂ ಬಾಗಿತು. ಉಗುರುಗಳು ಅಂಗೈಗೆ ತಾಗಿದವು. ಹೆಬ್ಬೆರಳು ಮೇಲೆ ಬಂದು ಕೂತಿತು.

“ಆಪರೇಷನ್ ಮಾತೇ ಬೇಡ” ಎಂದರು ಡಾಕ್ಟರು. ಹೆಂಡತಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. “ಇಷ್ಟು ಬೇಗ ಯಾರಿಗೂ ಆಗಲ್ಲ. ಅದ್ಯಾವುದೋ ಆಟ ಆಡ್ತಿದ್ರಂತಲ್ಲ, ನಮ್ಮ ಬೇರೆ ರೋಗಿಗಳಿಗೂ ಕೊಡ್ತೀರಾ?”

ಆ ಒಂದು ಮಾತು ಸಾಕಾಯಿತು. ಮೇಷ್ಟ್ರ ಬೆನ್ನು ನೆಟ್ಟಗಾಯಿತು. ವಾರವಿಡೀ ಪಟ್ಟ ಪಾಡೆಲ್ಲ ಮರೆತುಹೋಯಿತು. ಕೈ ತಾನಾಗಿ ಜೇಬಿನ ಕೆಂಪು ಪೆನ್ನಿನ ಮೇಲೆ ಹೋಯಿತು.

“ಧಾರಾಳವಾಗಿ ಡಾಕ್ಟ್ರೇ. ಅದರಲ್ಲಿ ಒಂದೆರಡು ಸಣ್ಣ ತಪ್ಪಿವೆ. ಇವತ್ತೇ ಮನೆಗೆ ಹೋಗಿ, ಮಧ್ಯಾಹ್ನದ ಊಟದೊಳಗೆ ಎಲ್ಲಾ ಸರಿ ಮಾಡಿ...”

“ಅದಿರ್ಲಿ” ಎಂದರು ಡಾಕ್ಟರು ಅತ್ತೆಯ ಕಡೆ ತಿರುಗಿ. “ಚಿವುಟೋ ಶಕ್ತಿ ಎಷ್ಟು ಬಂದಿದೆ ನೋಡ್ಬೇಕು. ಏನಾದ್ರೂ ಕೈಗೆ ಸಿಕ್ಕಿದ್ದನ್ನ ಬಿಗಿಯಾಗಿ ಹಿಡೀರಿ ಅಮ್ಮ.”

ಅತ್ತೆ ಮೇಜಿನ ಮೇಲೆ ನೋಡಿದರು. ಪೆನ್ನಿತ್ತು, ಕ್ಲಿಪ್ಪಿತ್ತು, ರಬ್ಬರ್ ಚೆಂಡೂ ಇತ್ತು. ಅವರು ಅದೊಂದನ್ನೂ ಮುಟ್ಟದೆ ಪಕ್ಕಕ್ಕೆ ತಿರುಗಿ, ಹೆಬ್ಬೆರಳು ತೋರುಬೆರಳು ಸೇರಿಸಿ, ಗಣಿತದ ಮೇಷ್ಟ್ರ ಕಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಶಭಾಷ್ ಅಮ್ಮಾ!”

ಹೆಂಡತಿಯ ದನಿ. ಟ್ಯಾಬು ಮನೆಯಲ್ಲೇ ಇತ್ತು.